ಸಂತೆಮಾಳದ ಹಣವನ್ನು ಕಲ್ಲಿದ್ದಲಿನಿಂದ ಬಿಡಿಸಿದ್ದು

ಪ್ರತಿ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ನಾನು ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡ್ ಓದುತ್ತೇನೆ. ಅಲ್ಲಿ ಅಂಟಿಸಿದ್ದನ್ನು ಓದುವವರು ನಮ್ಮೂರಿನಲ್ಲಿ ಇಬ್ಬರೇ: ಅಂಟಿಸುವ ನೀರುಗಂಟಿ ಮತ್ತು ನಾನು. ಯುಗಾದಿ ಕಳೆದ ಮೊದಲ ಸೋಮವಾರ ಅಲ್ಲೊಂದು ಚಿಕ್ಕ ಪಟ್ಟಿ ಇತ್ತು. ಪಂಚಾಯಿತಿಯ ಸ್ವಂತ ಹಣ ಎಲ್ಲೆಲ್ಲಿ ಇದೆ ಎಂಬುದರ ವಿವರ. ಕೊನೆಯ ಸಾಲಿನಲ್ಲಿ ಸಂತೆಮಾಳದ ಠೇವಣಿ, ಅವಧಿ ಮುಗಿಯುವ ತಾರೀಖು, ಅದರ ಮುಂದೆ 'ತಾನಾಗಿ ನವೀಕರಣ' ಎಂಬ ಎರಡು ಪದ.

ಸಂತೆಮಾಳ ನಮ್ಮ ಪಂಚಾಯಿತಿಯ ಜಾಗವಾಗಿತ್ತು. ಬೆಂಗಳೂರು–ಮೈಸೂರು ಹೆದ್ದಾರಿ ಅಗಲವಾದಾಗ ಅದರ ಮುಕ್ಕಾಲು ಪಾಲು ರಸ್ತೆಗೆ ಹೋಯಿತು, ಪರಿಹಾರ ಬಂತು. ಆಗ ನಾನು ಪಂಚಾಯಿತಿ ಸದಸ್ಯ. ರೇಷ್ಮೆ ಇಲಾಖೆಯಿಂದ ನಿವೃತ್ತನಾಗಿ ಒಂದೇ ಒಂದು ಅವಧಿಗೆ ನಿಂತು ಗೆದ್ದಿದ್ದೆ. ಹಣ ಎಲ್ಲಿಡಬೇಕೆಂಬ ಚರ್ಚೆಯಲ್ಲಿ ಎದ್ದು ನಿಂತು ಒಂದು ಹಣಕಾಸು ಕಂಪನಿಯ ಹೆಸರು ಹೇಳಿದವನು ನಾನೇ. ಅದು ವಿದ್ಯುತ್ ಸ್ಥಾವರಗಳಿಗೆ ಸಾಲ ಕೊಡುವ ಕಂಪನಿ. ಬ್ಯಾಂಕಿಗಿಂತ ಬಡ್ಡಿ ತುಸು ಹೆಚ್ಚು. ಅವರ ಕೈಪಿಡಿಯ ಮೇಲೆ ಎತ್ತರದ ಹೊಗೆಗೊಳವೆಯ ಚಿತ್ರವಿತ್ತು. ಅದನ್ನು ಕಂಡು ನನಗೆ ಹೆಮ್ಮೆಯೇ ಆಗಿತ್ತು. ದೇಶಕ್ಕೆ ಕರೆಂಟು, ಊರಿಗೆ ಬಡ್ಡಿ, ಇನ್ನೇನು ಬೇಕು ಎಂದು ಭಾಷಣ ಮಾಡಿದ್ದೆ. ಎಲ್ಲರೂ ಕೈ ಎತ್ತಿದರು.

ಆಮೇಲೆ ಕಂಪನಿಯವರು ವರ್ಷಕ್ಕೊಂದು ವರದಿ ಕಳಿಸುತ್ತಿದ್ದರು. ಪಂಚಾಯಿತಿಯಲ್ಲಿ ಯಾರೂ ಬಿಚ್ಚದ ಆ ಲಕೋಟೆಗಳನ್ನು ನಾನು ಮನೆಗೆ ತಂದು ಓದುತ್ತಿದ್ದೆ. ಅವರ ಸಾಲದ ಬಹುಪಾಲು ಕಲ್ಲಿದ್ದಲು ಸುಡುವ ಸ್ಥಾವರಗಳಿಗೆ ಹೋಗುತ್ತಿತ್ತು. ಹಳೆಯವಕ್ಕೆ ಮಾತ್ರವಲ್ಲ, ಇನ್ನೂ ಕಟ್ಟಬೇಕಾದವಕ್ಕೂ. ಇತ್ತ ನಮ್ಮ ಜಗುಲಿಯ ಗೋಡೆಯಲ್ಲಿ ಒಂದು ಉಷ್ಣಮಾಪಕವಿದೆ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ಸಂಜೆ ಆರು, ದಿನಕ್ಕೆ ಮೂರು ಸಲ ನೋಡಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಇಲಾಖೆಯಲ್ಲಿ ಕಲಿತದ್ದು, ಬಿಟ್ಟಿಲ್ಲ. ಬೇಸಿಗೆಯ ಅಂಕಿಗಳು ಒಟ್ಟಾರೆ ಏರುತ್ತಲೇ ಬಂದಿವೆ. ವರದಿಯನ್ನೂ ನನ್ನ ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತ ಒಂದು ಮಧ್ಯಾಹ್ನ ನನಗೆ ವಿಷಯ ಸ್ಪಷ್ಟವಾಯಿತು. ನಮ್ಮ ಬೇಸಿಗೆಯನ್ನು ಬಿಸಿ ಮಾಡುವ ಒಲೆಗೆ ನಮ್ಮದೇ ಊರಿನ ದುಡ್ಡು ಸೌದೆಯಾಗಿತ್ತು. ಸೌದೆ ಹೊತ್ತು ತಂದವನು ನಾನು.

ಹಾಗಾಗಿ ಆ ಸೋಮವಾರ ಬೋರ್ಡಿನ ಮುಂದಿನಿಂದ ನೇರ ಒಳಗೆ ಹೋದೆ. ನಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಕನಕಪುರದ ಕಡೆಯ ಹೆಣ್ಣುಮಗಳು. ಮಾತು ಕಡಿಮೆ, ಕೆಲಸ ಚುರುಕು. ಕಡತ ತೆಗೆದು ಕರಾರು ಓದಿ ಹೇಳಿದರು.

"ಅವಧಿ ಮುಗಿಯೋಕೆ ತಿಂಗಳು ಮೊದಲೇ ಲಿಖಿತವಾಗಿ ಬೇಡ ಅಂತ ಕೊಡಬೇಕು ಸರ್. ಕೊಡ್ಲಿಲ್ಲ ಅಂದ್ರೆ ಇನ್ನೈದು ವರ್ಷ ತಾನಾಗೇ ಮುಂದುವರಿಯುತ್ತೆ. ಮಧ್ಯದಲ್ಲಿ ತೆಗೆಯೋ ಹಾಗಿಲ್ಲ."

"ಕೊನೇ ದಿನ ಯಾವುದು?"

ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸೋಮವಾರಕ್ಕೆ ಬೆರಳಿಟ್ಟರು. ಸರಿಯಾಗಿ ನಾಲ್ಕು ವಾರ ಇತ್ತು.

"ಸುಮ್ನೆ ನೀವು ಅರ್ಜಿ ಕೊಟ್ರೆ ಆಗಲ್ಲ ಸರ್. ಸದಸ್ಯರು ಹೆದರ್ತಾರೆ, ಬಡ್ಡಿ ಕಮ್ಮಿ ಆದ್ರೆ ನಮ್ಮನ್ನೇ ಕೇಳ್ತಾರೆ ಅಂತ. ಗ್ರಾಮ ಸಭೆಲಿ ಜನ ಒಪ್ಪಿದ್ರೆ ಮಾತ್ರ ಮಾತು."

"ಗ್ರಾಮ ಸಭೆ ಯಾವಾಗ?"

"ಈ ತಿಂಗಳು ಒಂದು ಮಾಡ್ಲೇಬೇಕು. ದಿನ ನೀವೇ ಹೇಳಿ. ರೇಷ್ಮೆ ಹುಳದ ಮನೆಗಳ ಲೆಕ್ಕ ನಿಮಗೇ ಚೆನ್ನಾಗಿ ಗೊತ್ತಿರುತ್ತೆ."

ಅದು ನಿಜವಾಗಿತ್ತು. ಮೂವತ್ತನಾಲ್ಕು ವರ್ಷ ರೇಷ್ಮೆ ಇಲಾಖೆಯಲ್ಲಿ ದುಡಿದಿದ್ದೇನೆ. ಮಾಗಡಿ ತಾಲ್ಲೂಕಿನ ಕೆಂಪಾಪುರದ ಸುತ್ತ ಶುರುವಾಗಿ, ದೊಡ್ಡಆಲಹಳ್ಳಿ ಕಡೆಯ ಹಳ್ಳಿಗಳಲ್ಲಿ ಸೈಕಲ್ ತುಳಿದು, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಾಲ್ಕು ವರ್ಷ ಕಳೆದು, ಕೊನೆಗೆ ಚನ್ನಪಟ್ಟಣದ ಚಾಕಿ ಕೇಂದ್ರಕ್ಕೆ ಬಂದವನು. ಮರಿಹುಳುವನ್ನು ಎರಡನೇ ಜ್ವರ ದಾಟಿಸಿ ರೈತರಿಗೆ ಕೊಡುವ ಜಾಗ ಅದು. ಜ್ವರ ಎಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಈ ಚಾಕಿ ಹುಳು ರೈತರ ಮನೆಗೆ ಬಂದ ದಿನದಿಂದ ಹದಿನೆಂಟನೇ ದಿನ ಹುಳು ಹಣ್ಣಾಗುತ್ತದೆ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುತ್ತದೆ. ಆ ದಿನ ಊರಿನಲ್ಲಿ ಯಾರೂ ಯಾರಿಗೂ ಸಿಗುವುದಿಲ್ಲ. ಹಣ್ಣಾದ ಹುಳುವನ್ನು ಒಂದೊಂದಾಗಿ ಆಯ್ದು, ಬಿದಿರಿನ ಸುರುಳಿ ಕಟ್ಟಿದ ಚಂದ್ರಿಕೆಯ ಮೇಲೆ ಬಿಡಬೇಕು. ಒಂದು ಗಂಟೆ ತಡವಾದರೂ ಹುಳು ಕಂಡ ಕಂಡಲ್ಲಿ ನೂಲು ಸುರಿಸಿಬಿಡುತ್ತದೆ. ಈ ಸಲ ನಮ್ಮೂರಿನ ಬಹುತೇಕ ಮನೆಗಳು ಒಂದೇ ಕೇಂದ್ರದಿಂದ ಒಂದೇ ದಿನ ಚಾಕಿ ತರುವವರಿದ್ದರು.

ನಾನು ಬೆರಳು ಮಡಿಸಿ ಎಣಿಸಿದೆ. ಹದಿನೆಂಟನೇ ದಿನ ಶನಿವಾರ ಬೀಳುತ್ತಿತ್ತು. ಅದಕ್ಕೆ ಎರಡು ದಿನ ಮೊದಲು, ಗುರುವಾರ, ಬೆಳಗಿನ ಸೊಪ್ಪು ಹಾಕಿದ ಮೇಲೆ ಮಧ್ಯಾಹ್ನದವರೆಗೆ ಮನೆಯವರಿಗೆ ಬಿಡುವು. "ಗುರುವಾರ ಹನ್ನೊಂದು ಗಂಟೆ" ಎಂದೆ. ಅವರು ಬರೆದುಕೊಂಡರು. ಕೊನೆಯ ಸೋಮವಾರಕ್ಕೆ ಅಲ್ಲಿಂದ ನಾಲ್ಕೇ ದಿನ ಉಳಿಯುತ್ತಿತ್ತು. ಸಾಕು ಎಂದುಕೊಂಡೆ.

ನಡುವಿನ ಮೂರು ವಾರ ದಿನಕ್ಕೆ ನಾಲ್ಕು ಮನೆಯಂತೆ ಹೋದೆ, ಸಂಜೆ ಐದರಿಂದ ಏಳು. ವರದಿಯ ಪುಟಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿಕೊಂಡಿದ್ದೆ. ಹೆಚ್ಚಿನವರು ಕೇಳಿಸಿಕೊಂಡರು, ಕಾಫಿ ಕೊಟ್ಟರು, "ನೋಡುಮ ಸಾರ್" ಎಂದರು. ನೋಡೋಣ ಎಂದವರು ಬರುತ್ತಾರೆಯೇ ಇಲ್ಲವೇ ಎಂಬುದು ನಮ್ಮ ಕಡೆ ಸಭೆಯ ದಿನದವರೆಗೆ ತಿಳಿಯುವುದಿಲ್ಲ.

ನೇರವಾಗಿ ಎದುರು ನಿಂತವನು ಒಬ್ಬನೇ, ನನ್ನ ಪ್ರೈಮರಿ ಶಾಲೆಯ ಸಹಪಾಠಿ. ಬಹಳ ವರ್ಷ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕಸುಬು ಮಾಡಿ ಈಗ ಮಗಳಿಗೆ ವಹಿಸಿದ್ದಾನೆ. ಪಂಚಾಯಿತಿ ಸದಸ್ಯನೂ ಹೌದು. ಅವನ ಕಟ್ಟೆಯ ಮೇಲೆ ಕೂತಾಗ ಅವನು ನನ್ನ ಹಾಳೆಯನ್ನು ದೂರ ಹಿಡಿದು ಓದಿ ನನ್ನ ಮಡಿಲಿಗೆ ಹಾಕಿದ.

"ಏನ್ಲಾ, ರಿಟೈರಾದ್ರೂ ಇನ್‌ಸ್ಪೆಕ್ಷನ್ ಬುಡ್ಲಿಲ್ವಲ್ಲ ನೀನು. ನಾನು ಬಾಯ್ಲರ್ಗೆ ಸೌದೆ ಹಾಕ್ಕಂಡೇ ಅರ್ಧ ಆಯಸ್ಸು ಕಳ್ದೆ. ನಂದೂ ಹೊಗೆಯೇ. ನನ್ನೂ ಗಡೀಪಾರು ಮಾಡುಸ್ತೀಯಾ?"

"ನಿನ್ನ ಗಡೀಪಾರು ಮಾಡ್ಸಿದ್ರೆ ಇಸ್ಪೀಟಿಗೆ ಕೈ ಯಾರು ಸಿಗ್ತಾರ್ಲಾ?"

"ಆ ದುಡ್ಡು ಅಲ್ಲಿಗೆ ಹಾಕ್ಸಿದ್ದು ಯಾರು? ಭಾಷಣ ಬೇರೆ ಹೊಡ್ದಿದ್ದೆ."

"ನಾನೇ ಕಣ್ಲಾ. ಅದುಕ್ಕೇ ಬಂದಿವ್ನಿ."

"ಅವತ್ತೊಂದು ಹೇಳ್ದೆ, ಇವತ್ತೊಂದು ಹೇಳ್ತೀಯ. ನಾಳಿಕ್ಕೆ ಏನು ಹೇಳ್ತೀಯೋ ಯಾರಿಗ್ಗೊತ್ತು. ಆ ಬಡ್ಡಿಲೇ ಬೀದಿದೀಪದ ಬಿಲ್ಲು ಕಟ್ತಾ ಇರೋದು. ಕಮ್ಮಿ ಬಿದ್ರೆ ನಿನ್ ಪೆನ್‌ಷನ್ನಿಂದ ಕೊಡ್ತೀಯಾ?"

ಅದು ನ್ಯಾಯವಾದ ಪ್ರಶ್ನೆ. ಉತ್ತರ ಸಭೆಯಲ್ಲಿ ಕೊಡುತ್ತೇನೆ ಎಂದು ಎದ್ದು ಬಂದೆ. ಹೊರಡುವಾಗ ಅವನು ಹಿಂದಿನಿಂದ "ಸಭೆಗೆ ಬತ್ತೀನಿ. ನಿನ್ ವಿರುದ್ಧ ಕೈ ಎತ್ತಕ್ಕೇ ಬತ್ತೀನಿ" ಎಂದ. ಬರುತ್ತೇನೆ ಎಂದು ಖಚಿತವಾಗಿ ಹೇಳಿದವನು ಇಡೀ ಊರಿನಲ್ಲಿ ಅವನೊಬ್ಬ.

ಗುರುವಾರ ಹತ್ತೂಮುಕ್ಕಾಲಿಗೆ ನಾನು ಸಮುದಾಯ ಭವನದಲ್ಲಿದ್ದೆ. ಹನ್ನೊಂದಾಯಿತು. ಅಧಿಕಾರಿ ಬಂದಿದ್ದರು. ನನ್ನ ಸಹಪಾಠಿ ಮಾತಿನಂತೆ ಮೊದಲ ಸಾಲಿನಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಇಬ್ಬರು ಅಂಗಡಿಯವರು, ನೀರುಗಂಟಿ. ಹನ್ನೊಂದೂಕಾಲಿಗೂ ಅಷ್ಟೇ ಜನ. ಬಾಡಿಗೆಗೆ ತಂದ ಕುರ್ಚಿಗಳು ಖಾಲಿ ಇದ್ದವು. ಪಂಚಾಯಿತಿ ಅಧ್ಯಕ್ಷೆಯೇ ಬಂದಿರಲಿಲ್ಲ.

ನೀರುಗಂಟಿ ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದು ಹೇಳಿದ, "ಬರಕಿಲ್ಲ ಸಾರ್ ಯಾರೂವೆ. ಬೆಳಗಿನ ಜಾವದಿಂದ ಹುಳ ಹಣ್ಣಾಗ್ಬುಟ್ಟವೆ. ಎಲ್ರ ಮನೇಲೂ ಚಂದ್ರಿಕೆ ಹೂಡ್ಕಂಡವ್ರೆ."

"ಇವತ್ತು ಹದಿನಾರನೇ ದಿನ ಕಣಯ್ಯ" ಎಂದೆ.

"ಹುಳಕ್ಕೆ ಗೊತ್ತಿರಾಕಿಲ್ವಲ್ಲ ಸಾರ್."

ನನ್ನ ಸಹಪಾಠಿ ನಕ್ಕಿದ್ದು ಭವನದ ಗೋಡೆಗೆ ಬಡಿದು ವಾಪಸ್ಸು ಬಂತು. ನಾನು ನಗಲಿಲ್ಲ. ಇಡೀ ಕೆಲಸ ಆ ಒಂದು ದಿನದ ಮೇಲೆ ನಿಂತಿತ್ತು. ದಿನ ಗೊತ್ತು ಮಾಡಿದವನು ನಾನು. ಚಾಕಿ ಕೇಂದ್ರದಲ್ಲಿ ಕೂತು ಸಾವಿರ ಮನೆಗಳಿಗೆ ಈ ಲೆಕ್ಕ ಹೇಳಿದ ಮನುಷ್ಯ ಸ್ವಂತ ಊರಿನಲ್ಲಿ ತಪ್ಪಿದ್ದೆ.

ನೀರುಗಂಟಿ ಹಾಜರಿ ಪುಸ್ತಕ ಕಂಕುಳಿಗೆ ಸೇರಿಸಿದ. "ಯೋಚ್ನೆ ಮಾಡ್ಬೇಡಿ ಸಾರ್. ಪುಸ್ತಕ ತಕ್ಕಂಡು ಒಂದ್ ರೌಂಡ್ ಹಾಕ್ಕಂಬತ್ತೀನಿ. ಹುಳ ಆಯ್ತಾ ಆಯ್ತಾನೇ ಸೈನ್ ಹಾಕ್ತರೆ. ಮಧ್ಯಾಹ್ನುಕ್ಕೆ ಕೋರಂ ಆಯ್ತದೆ."

ಹಾಗೆ ಮಾಡುವುದು ನಮ್ಮಲ್ಲಿ ಹೊಸತಲ್ಲ. ಸಭೆಯ ಪುಸ್ತಕವೇ ಮನೆ ಮನೆಗೆ ನಡೆದು ಹೋಗಿ ಸಭೆ ಮುಗಿಸಿಕೊಂಡು ಬರುವುದುಂಟು. ಅಧಿಕಾರಿ ನನ್ನ ಮುಖ ನೋಡಿದರು. ಒಂದು ಕ್ಷಣ ನನಗೂ ಆಸೆಯಾಯಿತು, ಬರೆಯುವಾಗ ಮುಚ್ಚಿಡುವುದು ಬೇಡ. ಸಹಿ ಬಂದರೆ ಶುಕ್ರವಾರ ಪತ್ರ, ಸೋಮವಾರದೊಳಗೆ ಕೆಲಸ ಮುಗಿಯುತ್ತಿತ್ತು. ಆದರೆ ಐದು ವರ್ಷದ ಹಿಂದೆ ಎಲ್ಲರೂ ಕೈ ಎತ್ತಿದ್ದು ಓದದೆ, ಕೇಳದೆ, ನನ್ನ ಮಾತನ್ನು ನಂಬಿ. ಈಗಲೂ ಓದದೆ ಸಹಿ ಹಾಕಿಸಿದರೆ ಹಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆಯೇ ಹೊರತು ಊರಿನ ತೀರ್ಮಾನ ಎಂಬುದು ಇರುವುದಿಲ್ಲ.

"ಪುಸ್ತಕ ಇಲ್ಲೇ ಇಡು" ಎಂದೆ. ಚಪ್ಪಲಿ ಮೆಟ್ಟಿಕೊಂಡು ಅಧ್ಯಕ್ಷೆಯ ಹುಳದ ಮನೆಗೆ ಹೋದೆ.

ಆಕೆ ನಮ್ಮ ಬೀದಿಯ ಸೊಸೆ, ನನ್ನನ್ನು ಮಾವ ಎನ್ನುತ್ತಾಳೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಗೆ ಪಾದ ಅದ್ದಿ, ಕೈ ತೊಳೆದು ಒಳಗೆ ಹೋದರೆ ಆಕೆ, ಆಕೆಯ ಅತ್ತೆ, ಅಕ್ಕಪಕ್ಕದ ಐದಾರು ಹೆಂಗಸರು ತಲೆ ಎತ್ತದೆ ಹುಳು ಆಯುತ್ತಿದ್ದರು. ಹುಳು ಜೇನಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದ್ದರೂ ಒಳಗೆ ಸೆಕೆ ಹೊಡೆಯುತ್ತಿತ್ತು.

"ಬೈಬೇಡಿ ಮಾವ. ಸಭೆ ಮರ್ತಿಲ್ಲ ನಾನು. ಬುಟ್ಟು ಬರಂಗಿಲ್ಲ."

"ಬೈಯಕ್ಕೆ ಬಂದಿಲ್ಲ ಕಣವ್ವ. ತಪ್ಪು ನಂದು" ಎಂದು ತಟ್ಟೆ ತೆಗೆದುಕೊಂಡು ಅವರ ಸಾಲಿನಲ್ಲಿ ನಿಂತೆ. ಬೆರಳಿಗೆ ಕೆಲಸ ಮರೆತಿರಲಿಲ್ಲ.

ಅತ್ತೆ ನನ್ನ ವಾರಗೆಯ ಹೆಂಗಸು. ಹೇಳಿದಳು, "ನೀನೇ ಅಲ್ವಾ ಹದಿನೆಂಟು ದಿನ ಹದಿನೆಂಟು ದಿನ ಅಂತ ನಮ್ ಮಾವನ ಕಾಲದಿಂದ ಬಾಯಿಪಾಠ ಮಾಡ್ಸಿದ್ದು."

"ನಾನೇ ಕಣಕ್ಕ. ಇಪ್ಪತ್ತೈದು ಡಿಗ್ರಿಗೆ ಹದಿನೆಂಟು ದಿನ. ಈಗ ಇಲ್ಲಿ ಇಪ್ಪತ್ತೈದು ಎಲ್ಲೈತೆ?"

"ಬಿಸ್ಲು ಹತ್ಕಂಡು ಓಡ್ಬುಟ್ಟವೆ. ತಿನ್ನಾ ದಿನ ಎಲ್ಡು ಕಮ್ಮಿ ಆಯ್ತು. ಗೂಡು ತೆಳ್ಳಗಾಯ್ತವೆ ನೋಡ್ಕ. ರಾಮನಗರ್ದಲ್ಲಿ ಕೈಲಿ ಹಿಂಡಿ ನೋಡಿ ಬಿಸಾಕ್ತರೆ."

ಮೂರು ವಾರ ನಾನು ಹಾಳೆ ಹಿಡಿದು ಹೇಳಲು ಹೆಣಗಿದ್ದನ್ನು ಆಕೆ ಹುಳು ಆಯುತ್ತಲೇ ಹೇಳಿ ಮುಗಿಸಿದಳು. ನಾನು ಅಲ್ಲಿಂದ ಮುಂದಕ್ಕೆ ಹೇಳಿದೆ: ಒಂದು ಬೆಳೆ ಹೀಗಾಯಿತೆಂದು ನಾನು ಕಲ್ಲಿದ್ದಲನ್ನು ದೂರುವುದಿಲ್ಲ, ಒಂದು ಬೇಸಿಗೆಯಿಂದ ಏನೂ ಸಾಬೀತಾಗುವುದಿಲ್ಲ. ನನ್ನ ಪುಸ್ತಕಗಳಲ್ಲಿ ಎಷ್ಟೋ ಬೇಸಿಗೆ ಇವೆ, ಬಂದು ನೋಡಿ. ಸಂತೆಮಾಳದ ದುಡ್ಡು ಏನು ಮಾಡುತ್ತಿದೆ ಎಂದೂ ನೋಡಿ.

ಅಧ್ಯಕ್ಷೆ ಚಂದ್ರಿಕೆ ತಿರುಗಿಸುತ್ತಾ ಕೇಳಿದಳು, "ಒಂದ್ ಮಾತು ಕೇಳ್ತೀನಿ ಮಾವ. ನಮ್ ದುಡ್ಡು ತಗುದ್ರೆ ಆ ಕಂಪ್ನಿ ಬಾಗ್ಲು ಹಾಕ್ಕಂಡ್ಬುಡ್ತದಾ?"

"ಇಲ್ಲ ಕಣವ್ವ. ಅದುಕ್ಕೆ ಗೊತ್ತೂ ಆಗಾಕಿಲ್ಲ."

"ಮತ್ಯಾಕೆ?"

"ನೀನು ಬಾಗ್ಲಲ್ಲಿ ಬ್ಲೀಚಿಂಗ್ ನೀರು ಯಾಕಿಟ್ಟಿದ್ದೀಯ? ನಿನ್ ಮನೆಲಿ ಇಟ್ಟ ಮಾತ್ರಕ್ಕೆ ಊರಿನ ಹುಳಕ್ಕೆಲ್ಲ ಸಪ್ಪೆರೋಗ ಬರಾದು ನಿಲ್ತದಾ?"

ಉತ್ತರ ಅತ್ತೆ ಕೊಟ್ಟಳು. "ಎಲ್ರೂ ಇಟ್ರೆ ನಿಲ್ತದೆ. ಒಬ್ರು ಬುಟ್ರೆ ಎಲ್ರಿಗೂ ಬತ್ತದೆ. ಅದ್ನ ಕಲ್ಸಿದ್ದೂ ಇವ್ನೇ."

ಆ ದಿನ ಸಂಜೆಯವರೆಗೆ ಐದು ಹುಳದ ಮನೆಗಳಲ್ಲಿ ಹುಳು ಆಯ್ದೆ. ಎಲ್ಲ ಕಡೆಯೂ ಮಾತು ಅದೇ ದಾರಿಯಲ್ಲಿ ಹೋಯಿತು, ಒಂದು ಮನೆಯಲ್ಲಿ ಬಿಟ್ಟು. ಅಲ್ಲಿ ನನಗೆ ಬಾಯಿ ಮುಚ್ಚಿಕೊಂಡು ಬೇಗ ಬೇಗ ಆಯಲು ಹೇಳಿದರು, ಹಾಗೇ ಮಾಡಿದೆ. ಅಧ್ಯಕ್ಷೆ ಸಂಜೆ ಫೋನಿನಲ್ಲೇ ಅಧಿಕಾರಿಗೆ ಹೇಳಿ ಸಭೆಯನ್ನು ಭಾನುವಾರಕ್ಕೆ ಮುಂದೂಡಿದಳು. ದಿನ ಈ ಸಲ ಆಕೆಯೇ ಆರಿಸಿದ್ದು. ಹುಳು ಚಂದ್ರಿಕೆ ಏರಿದ ಮೇಲೆ ಗೂಡು ಬಿಡಿಸುವವರೆಗೆ ಮೂರು ನಾಲ್ಕು ದಿನ ರೇಷ್ಮೆ ಮನೆಯವರಿಗೆ ಇರುವಷ್ಟು ಬಿಡುವು ಬೇರೆ ಯಾವಾಗಲೂ ಇರುವುದಿಲ್ಲ. ಸೊಪ್ಪಿಲ್ಲ, ಕಸವಿಲ್ಲ, ನಿದ್ದೆ ಮಾಡುತ್ತಾರೆ, ನೆಂಟರ ಮನೆಗೆ ಹೋಗುತ್ತಾರೆ. ಇಷ್ಟು ತಿಳಿದಿದ್ದ ನಾನು ಮೊದಲೇ ಆ ದಿನಗಳನ್ನು ಹೇಳಲಿಲ್ಲ. ನನ್ನ ಹದಿನೆಂಟರ ಮೇಲೆ ನನಗೆ ಅಷ್ಟು ಭರವಸೆ.

ಭಾನುವಾರ ಕುರ್ಚಿ ಸಾಲಲಿಲ್ಲ. ಹೆಂಗಸರು ಜಮಖಾನೆಯ ಮೇಲೆ ಕೂತರು. ನಾನು ಐದು ನಿಮಿಷ ತೆಗೆದುಕೊಂಡೆ. ಹಣ ಅಲ್ಲಿಡಲು ಹೇಳಿದವನು ನಾನು, ಓದದೆ ಹೇಳಿದೆ, ಈಗ ಓದಿದ್ದೇನೆ, ಹಿಂದಕ್ಕೆ ತರಬೇಕೆಂದು ಹೇಳುತ್ತಿದ್ದೇನೆ ಎಂದೆ. ಅರ್ಧ ಹಣದಲ್ಲಿ ಕುಡಿಯುವ ನೀರಿನ ಬೋರ್‌ವೆಲ್ ಮೋಟಾರುಗಳಿಗೆ ಸೋಲಾರ್ ಹಲಗೆ ಹಾಕಿಸುವುದು. ಉಳಿದರ್ಧ ಹಿಪ್ಪುನೇರಳೆಗೂ ಹುಳದ ಮನೆಗೂ ಸಾಲ ಕೊಡುವ ಸಹಕಾರಿ ಬ್ಯಾಂಕಿನಲ್ಲಿಡುವುದು. ಬಡ್ಡಿ ಕಡಿಮೆಯಾಗುತ್ತದೆ, ಮೋಟಾರಿನ ಕರೆಂಟು ಬಿಲ್ಲು ಇಳಿದು ಅದನ್ನು ತುಂಬಿಕೊಡುತ್ತದೆ. ಅಧಿಕಾರಿ ತಾವೇ ಹಾಕಿದ ಅಂದಾಜನ್ನು ಓದಿದರು.

ನನ್ನ ಸಹಪಾಠಿ ಎದ್ದ. "ಎಲ್ಲ ಸರಿ. ಬ್ಯಾಂಕ್ನೋರು ಕಲ್ಲಿದ್ಲಿಗೆ ಸಾಲ ಕೊಡಾಕಿಲ್ಲ ಅಂತ ಏನು ಗ್ಯಾರಂಟಿ? ದುಡ್ಡುಗೇನು ಹಣೆಲಿ ಬರ್ದಿರ್ತದಾ?"

"ಬರ್ದಿರಲ್ಲ" ಎಂದೆ. "ದೊಡ್ಡ ಬ್ಯಾಂಕುಗಳು ಕೊಡ್ತವೆ. ಅದುಕ್ಕೇ ಈ ಸಹಕಾರಿ ಬ್ಯಾಂಕು. ಅದ್ರ ಸಾಲದ ಪಟ್ಟಿ ಕೇಳಿ ಓದಿದ್ದೀನಿ. ಅದ್ರಲ್ಲಿ ನಿನ್ ಮಗಳ ಹೆಸರೂ ಐತೆ."

ಜನ ನಕ್ಕರು. ಅವನೂ ಒಸಿ ನಕ್ಕ, ಕೂರಲಿಲ್ಲ. "ಬೀದಿದೀಪ?"

"ಮೋಟಾರಿನ ಬಿಲ್ಲಲ್ಲಿ ಉಳಿದಿದ್ದು ಮೊದ್ಲು ಬೀದಿದೀಪಕ್ಕೆ ಅಂತ ಠರಾವಿನಲ್ಲೇ ಬರ್ಸು. ನೀನೇ ಬರ್ಸು."

ಅವನು ನಿಂತಲ್ಲೇ ಆ ಸಾಲನ್ನು ಹೇಳಿ ಬರೆಸಿದ, ಎರಡು ಸಲ ಓದಿಸಿ ಕೇಳಿದ. ಅಧ್ಯಕ್ಷೆ ಕೈ ಎತ್ತಲು ಹೇಳಿದಾಗ ಅಂಗಡಿಯವರಿಬ್ಬರು ಮತ್ತು ಹಿಂದಿನ ಸಾಲಿನ ಕೆಲವರು ಎತ್ತಲಿಲ್ಲ. ಅವನು ಎತ್ತಿದ. ನನ್ನ ಕಡೆ ನೋಡದೆ ಎತ್ತಿದ. ಸೂಚಕರು ಎಂಬಲ್ಲಿ ನನ್ನ ಹೆಸರು ಬಂತು, ಅನುಮೋದಕರು ಎಂಬಲ್ಲಿ ಯಾರೆಂದು ಅಧಿಕಾರಿ ಕೇಳಿದಾಗ ಅವನು "ಹಾಕ್ಕಳಿ ನಂದೇ. ಇವ್ನು ಮತ್ತೆ ಪ್ಲೇಟ್ ತಿರುಗ್ಸಿದ್ರೆ ಹಿಡ್ಕಳಕ್ಕೆ ಒಬ್ಬ ಬೇಕಲ್ಲ" ಎಂದ.

ಸೋಮವಾರವೇ ಕೊನೆಯ ದಿನ, ಅಂಚೆಯನ್ನು ನಂಬುವಂತಿರಲಿಲ್ಲ. ಬೆಳಗಿನ ರೈಲಿನಲ್ಲಿ ಅಧಿಕಾರಿ ಮತ್ತು ನಾನು ಚನ್ನಪಟ್ಟಣದಿಂದ ಬೆಂಗಳೂರಿಗೆ ಹೋಗಿ, ಕಂಪನಿಯ ಕಚೇರಿ ಬಾಗಿಲು ತೆಗೆಯುವ ಮೊದಲೇ ಮುಂದೆ ನಿಂತಿದ್ದೆವು. ಕೌಂಟರಿನಲ್ಲಿದ್ದ ಹುಡುಗಿ ಪತ್ರ, ಠರಾವಿನ ನಕಲು, ಠೇವಣಿ ರಸೀದಿ ಎಲ್ಲ ನೋಡಿ, ಕಂಪ್ಯೂಟರಿನಲ್ಲಿ ಏನೋ ತುಂಬುತ್ತಾ ತಲೆ ಎತ್ತಿದಳು.

"ಕಾರಣ ಕೇಳ್ತಾ ಇದೆ ಮೇಡಂ. ಬಡ್ಡಿ ಬಗ್ಗೆ ತೃಪ್ತಿ ಇಲ್ವಾ?"

"ಬಡ್ಡಿ ಚೆನ್ನಾಗಿತ್ತು" ಎಂದರು ಅಧಿಕಾರಿ.

"ಸರ್ವೀಸ್ ಸರಿ ಇಲ್ವಾ?"

"ಅದೂ ಚೆನ್ನಾಗಿತ್ತು."

"ಮತ್ತೆ ಏನಂತ ಹಾಕ್ಲಿ?"

ಅಧಿಕಾರಿ ನನ್ನ ಕಡೆ ತಿರುಗಿದರು. ನಾನು ಕನ್ನಡಕ ಸರಿಮಾಡಿಕೊಂಡು, ನೀವು ಸಾಲ ಕೊಡುವ ಸ್ಥಾವರಗಳು ಸುಡುವುದು ಕಲ್ಲಿದ್ದಲು, ನಮ್ಮ ಊರು ಬೆಳೆಯುವುದು ರೇಷ್ಮೆ, ಎರಡಕ್ಕೂ ಒಂದೇ ಹಣ ಆಗದು ಎಂದೆ. ಆಕೆ ಕೇಳಿಸಿಕೊಂಡಳು. ನಿಧಾನವಾಗಿ, ನಾನು ಹೇಳಿದ್ದನ್ನೇ ಒಂದೊಂದು ಪದವಾಗಿ ಟೈಪ್ ಮಾಡಿದಳು. ನಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ತಮ್ಮ ಕೈಯಲ್ಲಿದ್ದ ರಸೀದಿಯನ್ನು ಕಣ್ಣಿನ ಹತ್ತಿರ ಹಿಡಿದು ಓದತೊಡಗಿದರು. ಮುದ್ರೆ ಬಿತ್ತು. ಗಂಟೆ ಹತ್ತೂಕಾಲು, ನಾನು ನೋಟಿಸ್ ಬೋರ್ಡ್ ಓದುವ ಹೊತ್ತು.